ಕಮಲಾದೇವಿಯ ಒಪ್ಪಿಗೆ

"ಇಲ್ಲಿ ನೋಡಮ್ಮ, ಈ ಹಸಿರು ಚುಕ್ಕಿ ಕಾಣ್ತಿದೆಯಲ್ಲ, ಇವೆಲ್ಲ ಹೊಸದಾಗಿ ಹುಟ್ಟಿರೋದು," ಎನ್ನುತ್ತ ಲಿಖಿತಾ ಲ್ಯಾಪ್‌ಟಾಪನ್ನು ಅಮ್ಮನ ಕಡೆಗೆ ತಿರುಗಿಸಿದಳು.

ಕಮಲಾದೇವಿ ಊಟದ ಮೇಜಿನ ತುದಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಅಂಗೈಗೆ ಹಚ್ಚಿಕೊಂಡಿದ್ದ ವಿಭೂತಿಯನ್ನು ಸೆರಗಿಗೆ ಒರೆಸಿ, ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು ನೋಡಿದರು. ಕಪ್ಪು ಹಿನ್ನೆಲೆಯಲ್ಲಿ ಬಾಗಿದ ಒಂದು ಪಟ್ಟಿ. ಅದರ ಒಳಅಂಚಿನುದ್ದಕ್ಕೂ ಹಸಿರು ಚುಕ್ಕಿಗಳು, ಒಂದೊಂದಕ್ಕೂ ಸಣ್ಣ ಬಾಲ. ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು ಬೆಳಗಾಗುವಷ್ಟರಲ್ಲಿ ಮೊಳಕೆ ಬಿಟ್ಟ ಹಾಗಿತ್ತು.

"ಇಲೀದಾ?"

"ಇಲೀದೇ. ವಯಸ್ಸಾಗಿರೋ ಇಲಿ. ಮನುಷ್ಯರ ಲೆಕ್ಕದಲ್ಲಿ ನಮ್ಮ ಅಪ್ಪಾಜಿ ವಯಸ್ಸು ಅಂತಿಟ್ಕೋ. ಈ ವಯಸ್ಸಲ್ಲಿ ಮಿದುಳಲ್ಲಿ ಹೊಸ ಜೀವಕೋಶ ಹುಟ್ಟೋದು ಹೆಚ್ಚುಕಮ್ಮಿ ನಿಂತೇ ಹೋಗಿರುತ್ತೆ. ಇದಕ್ಕೆ ನಾವು ಕ್ಲೋಥೋ ಕೊಟ್ಟಿದ್ವಿ. ನೋಡು ಹೇಗೆ ಹುಟ್ಕೊಂಡಿವೆ."

ಕ್ಲೋಥೋ ಎಂಬ ಹೆಸರು ಆ ಮನೆಗೆ ಹೊಸದಲ್ಲ. ಲಿಖಿತಾ ಕೆಲಸ ಮಾಡುವ ಸಂಶೋಧನಾ ಸಂಸ್ಥೆಯಲ್ಲಿ ಅವಳಿಗೆ ಹಗಲೂ ರಾತ್ರಿಯೂ ಅದೇ ಧ್ಯಾನ. ಮುಪ್ಪನ್ನು ಹಿಂದಕ್ಕೆ ತಳ್ಳುವ ಹಾರ್ಮೋನು ಎಂದು ಅವಳು ನೆಂಟರಿಷ್ಟರಿಗೆ ವಿವರಿಸುವುದನ್ನು ಕಮಲಾದೇವಿ ಎಷ್ಟೋ ಸಲ ಕೇಳಿದ್ದರು. ಮೂತ್ರಪಿಂಡದಲ್ಲಿ ಹೆಚ್ಚಾಗಿ ತಯಾರಾಗುತ್ತದಂತೆ, ವಯಸ್ಸಾದ ಹಾಗೆಲ್ಲ ರಕ್ತದಲ್ಲಿ ಕಡಿಮೆಯಾಗುತ್ತ ಹೋಗುತ್ತದಂತೆ. ಅದಿಲ್ಲದೆ ಹುಟ್ಟಿದ ಇಲಿಮರಿಗಳು ಹಾಲು ಬಿಟ್ಟ ಕೆಲವೇ ವಾರಗಳಲ್ಲಿ ಬೆನ್ನು ಬಾಗಿ, ಮುದಿಯಾಗಿ ಸಾಯುತ್ತವಂತೆ. ಆಯುಸ್ಸಿನ ನೂಲು ನೂಲುವ ಗ್ರೀಕ್ ದೇವತೆಯ ಹೆಸರಂತೆ ಅದು.

"ಈಗ ಮನುಷ್ಯರಲ್ಲೂ ನೋಡ್ತಿದಾರಮ್ಮ," ಲಿಖಿತಾ ದನಿ ತಗ್ಗಿಸಿದಳು. "ಜಯನಗರದ ಆಸ್ಪತ್ರೆ ಒಂದರಲ್ಲಿ ಸಣ್ಣದೊಂದು ಸ್ಟಡಿ ಶುರು ಮಾಡಿದಾರೆ. ನಮ್ಮ ಲ್ಯಾಬಿಂದಲ್ಲ, ಬೇರೆಯವರದು. ಮರೆವಿದ್ರೂ ಓಡಾಡ್ಕೊಂಡು, ಮಾತಾಡ್ಕೊಂಡು ಇರೋರು ಬೇಕಂತೆ. ನಾನು ಅಪ್ಪಾಜಿ ಹೆಸರು ಕೊಟ್ಟಿದೀನಿ."

"ಕೊಟ್ಟಾಯ್ತಾ?"

"ಕೇಳಿದ್ರೆ ನೀನೇನು ಬೇಡ ಅಂತಿದ್ಯಾ? ಮನೇಲಿ ಅವರ ಜೊತೆ ಇರೋರು ಒಬ್ರು ಒಪ್ಪಿಗೆ ಕೊಡಬೇಕು, ಪ್ರತಿಸಲ ಜೊತೇಲಿ ಬರಬೇಕು. ಅದು ನೀನೇ ಅಂತ ಹೇಳಿದೀನಿ."

ಕಮಲಾದೇವಿ "ಹೂಂ" ಅಂದರು. ಹೊಸೆಯುತ್ತಿದ್ದ ಬತ್ತಿ ಬೆರಳಿನ ನಡುವೆ ಬಿಚ್ಚಿಕೊಂಡು ಮತ್ತೆ ಹತ್ತಿಯಾಯಿತು.

ಅಷ್ಟರಲ್ಲಿ ಕೋಣೆಯ ಬಾಗಿಲಲ್ಲಿ ಕರಿಬಸವಯ್ಯ ಬಂದು ನಿಂತರು. ಮಡಿಕೆ ಮುರಿಯದ ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ನಿಂತ ಠೀವಿಯಲ್ಲಿ ಒಂದಿಷ್ಟೂ ಊನವಿರಲಿಲ್ಲ. ಹೆಂಡತಿಯನ್ನು ನೋಡಿ ಕೈಮುಗಿದು, "ಅಮ್ಮಾ, ನಿಮ್ಮ ಊಟ ಆಯ್ತಾ? ನಮಗೋಸ್ಕರ ಕಾಯ್ಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡ್ಬಿಡಬೇಕು ನೀವು," ಅಂದರು.

ಲಿಖಿತಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಕಮಲಾದೇವಿಗೆ ಅಳು ಬರಲಿಲ್ಲ. ಅವರು ಎದ್ದು ಎರಡು ತಟ್ಟೆ ಹಾಕಿದರು.

ಕರಿಬಸವಯ್ಯನವರು ತಿಪಟೂರಿನ ಕಡೆಯಿಂದ ಬಂದು ಬನಶಂಕರಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಮೊಳೆ, ಕೀಲು, ಚಿಲಕ, ಬಣ್ಣ ಎಲ್ಲಾ ಸಿಗುತ್ತಿತ್ತು ಅಲ್ಲಿ. ಖಾಯಂ ಗಿರಾಕಿಗಳ ಪಾಲಿಗೆ ದೇವರಂಥ ಮನುಷ್ಯ. ಮಗಳ ಪಾಲಿಗೆ ಅದಕ್ಕಿಂತ ಹೆಚ್ಚು. ಲಿಖಿತಾಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಊರೆಲ್ಲ ಸುತ್ತಿಸಿದ್ದು ಅವರು. ಅವಳು ಈರುಳ್ಳಿ ಪೊರೆಯನ್ನು ದೊಡ್ಡದಾಗಿ ನೋಡಬೇಕೆಂದು ಹಟ ಹಿಡಿದಾಗ ಅವೆನ್ಯೂ ರಸ್ತೆಯೆಲ್ಲ ಅಲೆದು ಹಳೆಯದೊಂದು ಸೂಕ್ಷ್ಮದರ್ಶಕ ತಂದುಕೊಟ್ಟಿದ್ದೂ ಅವರೇ.

ಹೆಂಡತಿಯ ಮೇಲೆ ಅವರು ಒಂದು ದಿನವೂ ಕೈ ಎತ್ತಲಿಲ್ಲ. ಬೈಗುಳವೂ ಇರಲಿಲ್ಲ. ಮಾತೇ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ಕಮಲಾದೇವಿ ಹೇಳದೆ ಕೇಳದೆ ಹನುಮಂತನಗರದ ಅಕ್ಕನ ಮನೆಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ವಾಪಸ್ ಬಂದಿದ್ದರು. ಅದೇ ತಪ್ಪು. ಮಾರನೆಯ ದಿನ ಅಂಗಡಿಯಿಂದ ಒಂದು ಬೀಗ ಬಂತು. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಹೊರಗಿನ ಚಿಲಕ ಎಳೆದು ಬೀಗ ಹಾಕುವುದು, ಮಧ್ಯಾಹ್ನ ಊಟಕ್ಕೆ ಬಂದಾಗ ತೆಗೆಯುವುದು, ಮತ್ತೆ ಹಾಕಿ ಹೋಗುವುದು. ಯಾರಾದರೂ ಕೇಳಿದರೆ ಕಳ್ಳರ ಕಾಟ ಅನ್ನುತ್ತಿದ್ದರು. ಮಗಳು ಹುಟ್ಟಿ ಶಾಲೆಗೆ ಹೋಗತೊಡಗಿದ ಮೇಲೂ ಕ್ರಮ ತಪ್ಪಲಿಲ್ಲ. ಅವಳು ಹೊರಟ ಮೇಲೆ ಬೀಗ ಬೀಳುತ್ತಿತ್ತು, ಅವಳು ಬರುವ ಮುಂಚೆ ಬಿಚ್ಚುತ್ತಿತ್ತು. ಲಿಖಿತಾ ಕಾಲೇಜು ಸೇರಿ ಹೊತ್ತುಗೊತ್ತಿಲ್ಲದೆ ಮನೆಗೆ ಬರುವಂತಾದ ಮೇಲೆ ಬೀಗ ನಿಂತಿತು. ಆದರೆ ಅಷ್ಟು ಹೊತ್ತಿಗೆ ಬೀಗದ ಅಗತ್ಯವೂ ಇರಲಿಲ್ಲ.

ಈಗ ಎರಡು ವರ್ಷದಿಂದ ಮರೆವು. ಮೊದಲು ಅಂಗಡಿಯ ಸಾಮಾನಿನ ಬೆಲೆ ಮರೆತರು, ಆಮೇಲೆ ದಾರಿ ಮರೆತರು. ಅಂಗಡಿ ಮಾರಿಯಾಯಿತು. ಕೊನೆಗೊಂದು ದಿನ ಬೆಳಿಗ್ಗೆ ಎದ್ದವರು ಕಮಲಾದೇವಿಯನ್ನು ಯಾರೋ ದೊಡ್ಡ ಮನೆತನದ ಹೆಂಗಸು ಎಂಬಂತೆ ನೋಡಿ, "ನೀವು ಕೂತ್ಕೊಳ್ಳಿ," ಅಂದರು. ಅಂದಿನಿಂದ ಆ "ನೀವು" ಅವರ ಬಾಯಿಂದ ಹೋಗಲಿಲ್ಲ. ಒಬ್ಬರೇ ಊಟಕ್ಕೆ ಕೂರುತ್ತಿರಲಿಲ್ಲ. "ನೀವೂ ಬನ್ನಿ," ಎಂದು ಕಾಯುತ್ತಿದ್ದರು. ಉಪ್ಪಿಟ್ಟಿಗೆ ಅವರೆಕಾಳು ಹಾಕಿದ ದಿನ, "ಏನ್ ಚೆನ್ನಾಗಿ ಮಾಡಿದೀರಮ್ಮ!" ಎಂದು ಬೆರಳು ನೆಕ್ಕಿದರು. ಅದನ್ನು ಕೇಳಿದ ಕಮಲಾದೇವಿ ಅಡುಗೆಮನೆಗೆ ಹೋಗಿ, ಏನು ಮಾಡಬೇಕೆಂದು ತಿಳಿಯದೆ ನಲ್ಲಿ ತಿರುಗಿಸಿ ನೀರು ಹರಿಯುವುದನ್ನೇ ನೋಡುತ್ತ ನಿಂತಿದ್ದರು.

ಒಂದು ಮಧ್ಯಾಹ್ನ ಇಬ್ಬರೂ ಬಾಲ್ಕನಿಯಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದಾಗ ಕರಿಬಸವಯ್ಯ ಆಚೀಚೆ ನೋಡಿ, ಗುಟ್ಟು ಹೇಳುವವರ ಹಾಗೆ ಬಾಗಿದರು.

"ಅಮ್ಮಾ, ನಿಮ್ಹತ್ರ ಹೇಳಬಹುದು. ನಮ್ಮನೇಲಿ ಒಬ್ಬಳಿದಾಳೆ. ಕಮಲ ಅಂತ."

ಕಮಲಾದೇವಿಯ ಬೆರಳು ಸಿಪ್ಪೆಯಲ್ಲೇ ನಿಂತಿತು. "ಹೇಗಿದಾರೆ ಅವರು?"

"ಒಳ್ಳೇವಳು. ಮಾತಾಡಲ್ಲ."

"ಯಾಕೆ ಮಾತಾಡಲ್ಲ?"

ಅವರು ಇನ್ನೊಂದು ಬಟಾಣಿ ಬಿಡಿಸಿದರು. "ನಾನು ಮಾತಾಡ್ಸಲ್ಲ," ಅಂದರು. ಆಮೇಲೆ, "ಅಂಗಡಿಗೆ ಬರುವಾಗ ಬೀಗ ಹಾಕ್ಕೊಂಡು ಬರ್ತೀನಿ. ಇಲ್ದಿದ್ರೆ ಹೊರಟು ಹೋಗ್ತಾಳೆ."

"ಎಲ್ಲಿಗೆ ಹೋಗ್ತಾರೆ?"

"ಅದೇ ಗೊತ್ತಿಲ್ಲ ನೋಡಿ," ಎಂದು ಅವರು ಬಟಾಣಿಯ ಬಟ್ಟಲನ್ನು ಇವರ ಕಡೆ ಸರಿಸಿದರು. "ನೀವು ಸ್ವಲ್ಪ ಅವಳಿಗೆ ಹೇಳಿ, ನಾನು ಕೆಟ್ಟೋನಲ್ಲ ಅಂತ. ನಾನು ಹೇಳಿದ್ರೆ ನಂಬಲ್ಲ."

ನಲವತ್ತಕ್ಕೂ ಹೆಚ್ಚು ವರ್ಷ ಕಾದಿದ್ದ ಮಾತು ಹೀಗೆ, ಬೇರೆ ಯಾರಿಗೋ ಹೇಳಿದಂತೆ, ಕಮಲಾದೇವಿಯ ಕಿವಿಗೆ ಬಿತ್ತು. ಅವರು ಅದನ್ನು ಮಗಳಿಗೂ ಹೇಳಲಿಲ್ಲ. ಹೇಳಬೇಕೆಂದರೆ ಬೀಗದಿಂದ ಶುರು ಮಾಡಬೇಕಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಕಾತ್ಯಾಯಿನಿ ಎಂಬ ನಡುವಯಸ್ಸಿನ ವೈದ್ಯೆ ಕಮಲಾದೇವಿಯನ್ನು ಒಬ್ಬರನ್ನೇ ಒಳಗೆ ಕರೆದು ಕೂರಿಸಿದರು. ಲಿಖಿತಾ ಅಪ್ಪನನ್ನು ರಕ್ತಪರೀಕ್ಷೆಗೆ ಕರೆದುಕೊಂಡು ಹೋಗಿದ್ದಳು.

"ಮೊದಲೇ ಹೇಳಿಬಿಡ್ತೀನಿ ಅಮ್ಮ. ಇದು ಔಷಧಿಯಿಂದ ತೊಂದರೆ ಆಗಲ್ಲ ತಾನೇ ಅಂತ ನೋಡೋ ಹಂತ, ಅಷ್ಟೇ. ಇಲೀಲಿ ಕೆಲಸ ಮಾಡಿದ್ದು ಮನುಷ್ಯರಲ್ಲಿ ಮಾಡುತ್ತೆ ಅಂತ ಇಲ್ಲ. ಈ ವಯಸ್ಸಲ್ಲಿ ನಮ್ಮ ಮಿದುಳಲ್ಲಿ ಹೊಸ ಕೋಶ ಎಷ್ಟು ಹುಟ್ಟುತ್ತೆ ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ."

"ಗೊತ್ತಾಯ್ತು ಮೇಡಂ."

"ಇನ್ನೊಂದು ವಿಷಯ. ಯಾವಾಗ ಬೇಡ ಅನ್ಸಿದ್ರೂ ನಿಲ್ಲಿಸಬಹುದು. ಕಾರಣ ಕೇಳಲ್ಲ." ಅವರು ಪೆನ್ನು ಕೈಗೆತ್ತಿಕೊಂಡರು. "ಈಗ ಹೇಳಿ, ನಿಮ್ಮ ಯಜಮಾನ್ರು ಮುಂಚೆ ಹೇಗಿದ್ರು?"

ಎದುರಿಗೆ ತಿರುಗುವ ಕುರ್ಚಿ, ಗೋಡೆಯ ಮೇಲೆ ಮಿದುಳಿನ ಬಣ್ಣದ ಚಿತ್ರ, ಕಿಟಕಿಯಾಚೆ ಹೊಂಗೆಮರ. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕಮಲಾದೇವಿಯನ್ನು ಕೇಳಿರಲಿಲ್ಲ. ಉತ್ತರ ಗಂಟಲವರೆಗೆ ಬಂತು. ಬಾಗಿಲ ಗಾಜಿನಾಚೆ ಲಿಖಿತಾ ಅಪ್ಪನ ತೋಳು ಹಿಡಿದುಕೊಂಡು ಬರುವುದು ಕಾಣಿಸಿತು. ಅಪ್ಪ ಏನೋ ಹೇಳಿದರೆಂದು ಅವಳು ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದಳು.

"ಶಿಸ್ತಿನ ಮನುಷ್ಯ," ಅಂದರು ಕಮಲಾದೇವಿ. ಆಮೇಲೆ ಕೇಳಿದರು: "ಮೇಡಂ, ಜ್ಞಾಪಕ ವಾಪಸ್ ಬಂದ್ರೆ ಪೂರ್ತಿ ಬರುತ್ತಾ? ಇಲ್ಲಾ, ಬೇಕಾದ್ದು ಮಾತ್ರ ಬರೋ ಹಾಗೆ ಏನಾದ್ರೂ ಇದೆಯಾ?"

ಡಾಕ್ಟರ್ ನಕ್ಕುಬಿಟ್ಟರು. "ಅಂಥದ್ದು ಸಿಕ್ಕಿದ್ರೆ ಮೊದಲು ನಾನೇ ತಗೋತಿದ್ದೆ."

ಕಮಲಾದೇವಿಯೂ ನಕ್ಕು, ತೋರಿಸಿದ ಕಡೆ ಸಹಿ ಹಾಕಿದರು.

ವಾರಕ್ಕೊಂದು ಇಂಜೆಕ್ಷನ್. ಆಟೋದಲ್ಲಿ ಹೋಗುವುದು, ಹೊಟ್ಟೆಯ ಚರ್ಮಕ್ಕೆ ಚುಚ್ಚಿಸಿಕೊಂಡು ಅರ್ಧ ಗಂಟೆ ಕೂರುವುದು, ಬರುವಾಗ ನಾಲ್ಕನೇ ಬ್ಲಾಕಿನಲ್ಲಿ ಹೂವು ಹಣ್ಣು ಕೊಳ್ಳುವುದು. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕರಿಬಸವಯ್ಯ ಇಷ್ಟಲಿಂಗ ಪೂಜೆ ಮುಗಿಸಿ ಬಂದವರು, ಯಾರೂ ಕೇಳದೆಯೇ, "ಲಿಖಿ, ಲ್ಯಾಬಿಗೆ ಹೊತ್ತಾಗಲಿಲ್ವೇನೇ?" ಅಂದರು.

ಲಿಖಿತಾ ತಿಂಡಿಯ ತಟ್ಟೆ ಬಿಟ್ಟು ಎದ್ದು ಅಪ್ಪನನ್ನು ತಬ್ಬಿಕೊಂಡಳು. "ಅಮ್ಮ, ಕೇಳಿಸ್ಕೊಂಡ್ಯಾ? ನನ್ನ ಹೆಸರು! ಲ್ಯಾಬು ಕೂಡ ಜ್ಞಾಪಕ ಇದೆ! ಉಪ್ಪುನೀರಿಗೆ ಇದು ಆಗಲ್ಲಮ್ಮ, ಅಪ್ಪಾಜಿಗೆ ಔಷಧೀನೇ ಸಿಕ್ಕಿದೆ." ಹಾಗೆಂದವಳು ತಾನೇ ನಾಲಗೆ ಕಚ್ಚಿಕೊಂಡು, "ಹಾಗನ್ನಬಾರದು, ಗೊತ್ತು. ಆದ್ರೂ," ಎಂದು ಮತ್ತೆ ನಕ್ಕಳು. ಎಷ್ಟೋ ತಿಂಗಳಿಂದ ಬಾಡಿದ್ದ ಅವಳ ಮುಖ ಅರಳಿತ್ತು. ಆ ಮುಖವನ್ನು ನೋಡಿ ಕಮಲಾದೇವಿಯೂ ನಿಜವಾಗಿಯೇ ಸಂತೋಷಪಟ್ಟರು. ಅಪ್ಪನ ಕಣ್ಣಲ್ಲಿ ತಾನು ಯಾರೂ ಅಲ್ಲದವಳಾಗಿ ಹೋಗಿದ್ದ ಮಗಳ ಸಂಕಟ ಅವರಿಗೆ ಗೊತ್ತಿಲ್ಲದ್ದೇನಲ್ಲ.

ಮಗಳು ಹೊರಟ ಮೇಲೆ ಅವರು ಎಂದಿನಂತೆ ಎರಡು ತಟ್ಟೆ ಹಾಕಿದರು. ಕರಿಬಸವಯ್ಯ ಕೂತರು. ಎದುರಿನ ತಟ್ಟೆಯನ್ನು ನೋಡಿದರು. ಹೆಂಡತಿಯ ಮುಖ ನೋಡಿದರು. "ನೀವೂ ಬನ್ನಿ" ಎಂಬ ಮಾತು ಬರಲಿಲ್ಲ. ಕಮಲಾದೇವಿ ತಮ್ಮ ತಟ್ಟೆಯನ್ನು ತೆಗೆದುಕೊಂಡು ಅಡುಗೆಮನೆಗೆ ಹೋದರು, ಯಾರೂ ಹೇಳದಿದ್ದರೂ.

ಆಮೇಲಿನ ವಾರಗಳಲ್ಲಿ ಕರಿಬಸವಯ್ಯ ತುಂಡುತುಂಡಾಗಿ ಮರಳಿದರು. ಬಣ್ಣದ ಕಂಪನಿಗಳ ಹೆಸರು ನೆನಪಾಯಿತು. ಸ್ಕೂಟರಿನ ನಂಬರು ನೆನಪಾಯಿತು. ಹೆಂಡತಿಯನ್ನು "ನೀವು" ಎನ್ನುತ್ತಿದ್ದುದು ಕೆಲವು ದಿನ ಏನೂ ಇಲ್ಲವಾಗಿ, ಆಮೇಲೆ "ಏ" ಆಯಿತು. ಸಂಜೆ ಲಿಖಿತಾ ಬಂದಾಗ ಅವಳೊಂದಿಗೆ ನಕ್ಕು ಮಾತಾಡುವರು. ಅವಳು ಕೋಣೆಗೆ ಹೋದೊಡನೆ ಮುಖ ಗೋಡೆಯಾಗುವುದು. ಕಮಲಾದೇವಿಗೆ ಆ ಗೋಡೆಯ ಪರಿಚಯವಿತ್ತು. ಅದರ ಪಕ್ಕದಲ್ಲಿ ಸದ್ದಿಲ್ಲದೆ ಓಡಾಡುವುದು ಹೇಗೆಂದು ಅವರ ಕಾಲು ಮರೆತಿರಲಿಲ್ಲ.

"ಅಪ್ಪಾಜಿ ಎಷ್ಟು ಚುರುಕಾಗಿದಾರೆ ಅಲ್ವಾ?" ಎಂದು ಮಗಳು ಕೇಳಿದಾಗಲೆಲ್ಲ "ಹೂಂ" ಅನ್ನುವರು. ಇನ್ನೇನು ಹೇಳುವುದು? ಕಟ್ಟಿಕೊಂಡ ಗಂಡ ವಾಸಿಯಾಗುತ್ತಿದ್ದಾನೆ, ಅದು ನನಗೆ ಬೇಡ ಎಂದು ಯಾವ ಬಾಯಲ್ಲಿ ಹೇಳುವುದು? ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಬನಶಂಕರಿ ಗುಡಿಗೆ ಹೋದ ದಿನ ದೇವಿಯ ಮುಂದೆ ನಿಂತರೆ ಏನು ಬೇಡಿಕೊಳ್ಳಬೇಕೆಂದೇ ತೋಚಲಿಲ್ಲ. ಸುಮ್ಮನೆ ದೀಪ ಇಟ್ಟು ಬಂದರು.

ಕರಿಬಸವಯ್ಯ ಹೊರಗೆ ಹೋಗಿಬಿಡಬಾರದೆಂದು ಮರೆವು ಶುರುವಾದಾಗಿನಿಂದ ಮುಂಬಾಗಿಲಿಗೆ ಒಳಗಿನಿಂದ ಬೀಗ ಹಾಕುವ ರೂಢಿಯಿತ್ತು. ಬೀಗದಕೈ ಕಮಲಾದೇವಿಯ ದಿಂಬಿನ ಕೆಳಗಿರುತ್ತಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಲಿಖಿತಾ ಕೆಲಸಕ್ಕೆ ಹೋದ ಮೇಲೆ ಅವರು ಅಡುಗೆಮನೆಯಲ್ಲಿ ಕುಕ್ಕರ್ ಇಡುತ್ತಿದ್ದರು. ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಹೊರಗಿನ ಚಿಲಕ ಸರಿದು ಕೂತದ್ದು ಕೇಳಿಸಿತು. ಆಮೇಲೆ ಬೀಗ ಕಚ್ಚಿಕೊಂಡ ಸದ್ದು, ಅದು ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ಜಗ್ಗಿ ನೋಡಿದ ಸದ್ದು.

ಕಮಲಾದೇವಿ ಹಾಲಿಗೆ ಬಂದು ನಿಂತರು. ದಿಂಬಿನ ಕೆಳಗೆ ನೋಡುವ ಅಗತ್ಯವಿರಲಿಲ್ಲ. ಮೆಟ್ಟಿಲಿಳಿದು ಹೋಗುತ್ತಿರುವ ಹೆಜ್ಜೆಗಳು ಅಂಗಡಿಗೆ ಹೊತ್ತಾದವರ ಹೆಜ್ಜೆಗಳು. ಆದರೆ ಅಂಗಡಿ ಈಗ ಇಲ್ಲ. ಆ ರಸ್ತೆಗೆ ಹೋಗಬೇಕೆಂದರೆ ಬಸ್ಸುಗಳು ನುಗ್ಗುವ ವೃತ್ತ ದಾಟಬೇಕು. ಇವೆಲ್ಲ ಅವರಿಗೆ ಗೊತ್ತಿತ್ತು. ಮೊಬೈಲು ಟಿ.ವಿ.ಯ ಪಕ್ಕದಲ್ಲೇ ಇತ್ತು. ಕಿಟಕಿ ತೆರೆದು ಒಂದು ಕೂಗು ಹಾಕಿದರೆ ಕೆಳಮನೆಯವರು ಓಡಿಬರುತ್ತಿದ್ದರು.

ಅವರು ಮೊರದಲ್ಲಿ ಅಕ್ಕಿ ಹಾಕಿಕೊಂಡು, ಗೋಡೆಗೊರಗಿ ನೆಲದ ಮೇಲೆ ಕೂತು, ಕಲ್ಲು ಆರಿಸತೊಡಗಿದರು. ಅಂಗಡಿಯಿಂದ ಬರುವ ಈಗಿನ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ. ಆದರೂ ಕೈ ಒಂದೊಂದೇ ಕಾಳನ್ನು ಆಚೆ ಸರಿಸುತ್ತಿತ್ತು. ಕುಕ್ಕರ್ ಕೂಗಿ ಕೂಗಿ ಸುಮ್ಮನಾಯಿತು. ಬಿಸಿಲು ಕಿಟಕಿಯಿಂದ ನೆಲಕ್ಕಿಳಿದು, ಅಂಗುಲಂಗುಲವಾಗಿ ಸರಿದು, ಅವರ ಪಾದದವರೆಗೆ ಬಂತು. ರಸ್ತೆಯಲ್ಲಿ ಎಲ್ಲೋ ಬ್ರೇಕು ಕಿರುಚಿದಾಗೊಮ್ಮೆ ಬೆರಳು ನಿಲ್ಲುತ್ತಿತ್ತು, ಮತ್ತೆ ಆರಿಸುತ್ತಿತ್ತು.

ಮಧ್ಯಾಹ್ನ ಊಟದ ವೇಳೆಗೆ ಲಿಖಿತಾ ಫೋನು ಮಾಡಿದಳು.

"ಅಪ್ಪಾಜಿ ಊಟ ಮಾಡಿದ್ರಾ ಅಮ್ಮ?"

"ಅಂಗಡಿಗೆ ಹೋದ್ರು."

"ಯಾವ ಅಂಗಡಿ? ಅಮ್ಮ! ಬಾಗಿಲು ಹೇಗೆ ತೆಗೆದ್ರು? ಯಾವಾಗ ಹೋದ್ರು? ನೀನು ಹಿಂದೆ ಹೋಗ್ಲಿಲ್ವಾ?"

"ಹೊರಗಿಂದ ಬೀಗ ಹಾಕ್ಕೊಂಡು ಹೋಗಿದಾರೆ," ಅಂದರು ಕಮಲಾದೇವಿ.

ಪುಣ್ಯಕ್ಕೆ ಕರಿಬಸವಯ್ಯ ಸಿಕ್ಕಿದರು. ಹಳೆಯ ಅಂಗಡಿಯ ಎದುರು ಹೂವು ಮಾರುವ ತಿಮ್ಮಕ್ಕ ಅವರನ್ನು ಗುರುತು ಹಿಡಿದು, ತನ್ನ ಛತ್ರಿಯ ನೆರಳಲ್ಲಿ ಕೂರಿಸಿಕೊಂಡಿದ್ದಳು. ಅಂಗಿಯ ಜೇಬಿನಲ್ಲಿದ್ದ ಚೀಟಿ ನೋಡಿ ಲಿಖಿತಾಗೆ ಫೋನು ಮಾಡಿಸಿದವಳೂ ಅವಳೇ. "ಅಂಗಡಿ ಜಾಗದಲ್ಲಿ ಮೊಬೈಲ್ ಶೋರೂಮ್ ಬಂದೈತಲ್ಲವ್ವ, ಅದ್ರ ಮುಂದೆ ನಿಂತ್ಕಂಡು ಷಟ್ರು ಯಾರು ತೆಗೆದಿದ್ದು ಅಂತ ಜಗಳ ಮಾಡ್ತಿದ್ರು. ಆಮೇಕೆ ಮಗು ಥರ ಅಳಕ್ಕೆ ಶುರು ಮಾಡುದ್ರು," ಅಂದಳಂತೆ.

ಲಿಖಿತಾ ಅಪ್ಪನನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದಳು. ಅವರ ಜೇಬಿನಿಂದಲೇ ಬೀಗದಕೈ ತೆಗೆದು ಬಾಗಿಲು ತೆರೆದಳು. ಅಮ್ಮ ಗೋಡೆಗೊರಗಿ ಕೂತಿದ್ದರು, ತೊಡೆಯ ಮೇಲೆ ಮೊರ.

"ಯಾಕಮ್ಮ ಕೂಗ್ಲಿಲ್ಲ? ಕೆಳಗಡೆ ಮನೇಲಿ ಎಲ್ಲಾ ಇದ್ರಲ್ಲ. ನನಗೊಂದು ಫೋನ್ ಆದ್ರೂ ಮಾಡಬಹುದಿತ್ತಲ್ಲ. ಅಪ್ಪಾಜಿಗೆ ಏನಾದ್ರೂ ಆಗಿದ್ರೆ?"

"ಕೂಗಿ ಅಭ್ಯಾಸ ಇಲ್ಲ," ಅಂದರು ಕಮಲಾದೇವಿ.

"ಅಭ್ಯಾಸ ಅಂದ್ರೆ?"

ಕರಿಬಸವಯ್ಯ ಇಬ್ಬರ ನಡುವೆ ಹಾದು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಕಮಲಾದೇವಿ ಮೊರವನ್ನು ಪಕ್ಕಕ್ಕಿಟ್ಟರು. "ನೀನು ಸ್ಕೂಲಿಗೆ ಹೋದ್ಮೇಲೆ," ಎಂದು ಶುರು ಮಾಡಿದರು. ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಷ್ಟು ವರ್ಷದ್ದು ಅಷ್ಟು ಬೇಗ ಮುಗಿದುಹೋಯಿತಲ್ಲ ಎಂದು ಅವರಿಗೇ ಆಶ್ಚರ್ಯವಾಯಿತು.

ಲಿಖಿತಾ ನಿಂತೇ ಕೇಳಿದಳು. ಕೇಳಿ ಮುಗಿದ ಮೇಲೂ ನಂಬಿದಳೋ ಇಲ್ಲವೋ ಗೊತ್ತಾಗದ ಹಾಗೆ ನಿಂತಿದ್ದಳು. ಅಪ್ಪನ ಕಡೆಗೊಮ್ಮೆ, ತನ್ನ ಕೈಯಲ್ಲಿದ್ದ ಬೀಗದ ಕಡೆಗೊಮ್ಮೆ ನೋಡಿದಳು. "ನನಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡು ದಿನ ತಾಯಿ ಮಗಳು ಅದರ ಸುದ್ದಿ ಎತ್ತಲಿಲ್ಲ. ಮೂರನೆಯ ಸಂಜೆ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುವಾಗ ಲಿಖಿತಾ ತಾನಾಗಿಯೇ ಮಾತು ತೆಗೆದಳು.

"ನಾನು ಚಿಕ್ಕೋಳಿದ್ದಾಗಿನ ಅಪ್ಪಾಜಿ ಸುಳ್ಳಲ್ಲ ಅಲ್ವಾ ಅಮ್ಮ?"

"ಸುಳ್ಳಲ್ಲ ಕಣೇ. ನಿನಗೆ ಅವರು ನಿಜವಾಗ್ಲೂ ಹಾಗೇ ಇದ್ರು."

ಲಿಖಿತಾ ಪಂಚೆಯನ್ನು ಮಡಿಸಿ ಭುಜದ ಮೇಲೆ ಹಾಕಿಕೊಂಡಳು. "ಗುರುವಾರ ಇಂಜೆಕ್ಷನ್ ಇದೆ. ಇನ್ನು ಸ್ವಲ್ಪವೇ ಉಳಿದಿರೋದು. ಏನ್ ಮಾಡೋದು ಅಂತ ನನಗೆ ಗೊತ್ತಾಗ್ತಿಲ್ಲ. ಅವರು ನನ್ನ ಹೆಸರು ಹಿಡಿದು ಕರೀತಾರೆ ಅಮ್ಮ. ನಿಲ್ಸಿದ್ರೆ ಮತ್ತೆ..." ಅವಳು ಇನ್ನೊಂದು ಬಟ್ಟೆ ಎಳೆದುಕೊಂಡಳು. ಆಮೇಲೆ, ಯಾರಿಗೋ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು: "ಒಂದು ವಿಚಿತ್ರ ಇದೆ. ಹೊಸ ಕೋಶ ಹುಟ್ಟಿದ್ರೆ ನೆನಪು ಬರೋದು ಮಾತ್ರ ಅಲ್ಲ. ಅವು ಒಳಗಡೆ ಜಾಗ ಮಾಡ್ಕೊಳ್ಳುವಾಗ ಹಳೇ ಕೊಂಡಿಗಳು ಸಡಿಲ ಆಗೋದೂ ಉಂಟು. ಇಲೀನ ಒಂದು ಪೆಟ್ಟಿಗೇಲಿ ಬಿಟ್ಟು ಕಾಲಿಗೆ ಸಣ್ಣ ಶಾಕ್ ಕೊಡ್ತಾರೆ. ಆಮೇಲೆ ಆ ಪೆಟ್ಟಿಗೆ ಕಂಡ್ರೆ ಸಾಕು, ಇಲಿ ಅಲ್ಲಾಡದೆ ಮುದುರಿ ಕೂತ್ಕೊಳ್ಳುತ್ತೆ. ಆದ್ರೆ ಮಧ್ಯದಲ್ಲಿ ಹೊಸ ಕೋಶ ತುಂಬಾ ಹುಟ್ಟೋ ಹಾಗೆ ಮಾಡಿದ್ರೆ, ಕೆಲವು ಮತ್ತೆ ಆ ಪೆಟ್ಟಿಗೇಲಿ ಆರಾಮಾಗಿ ಓಡಾಡುತ್ವೆ. ಮರೆತಿರುತ್ವೆ."

ಕಮಲಾದೇವಿ ಕ್ಲಿಪ್ಪು ಕೀಳುತ್ತಿದ್ದ ಕೈ ನಿಲ್ಲಿಸಿದರು. "ಹೆದರಿಕೆ ಮರೆಯುತ್ವಾ?"

"ಕೆಲವು ಸಲ."

"ಹಾಗಿದ್ರೆ ಅದನ್ನ ನನಗೆ ಕೊಡಿಸೇ."

ಲಿಖಿತಾ ತಮಾಷೆಯೆಂದುಕೊಂಡು ತಿರುಗಿದಳು. ಅಮ್ಮನ ಮುಖದಲ್ಲಿ ತಮಾಷೆ ಇರಲಿಲ್ಲ. ಅವಳು ಬಟ್ಟೆಯ ರಾಶಿಯನ್ನು ಎದೆಗವಚಿಕೊಂಡು ಹಾಗೇ ನಿಂತಳು. ಕನಕಪುರ ರಸ್ತೆಯ ಮೇಲೆ ಮೆಟ್ರೋ ಹಾದುಹೋಗುವ ಸದ್ದು ಕೇಳಿಸುತ್ತಿತ್ತು.

ಗುರುವಾರ ಮೂವರೂ ಆಸ್ಪತ್ರೆಗೆ ಹೋದರು. ಡಾಕ್ಟರ್ ಕಾತ್ಯಾಯಿನಿ ಎಂದಿನಂತೆ, "ಹೇಗಿದಾರಮ್ಮ ಯಜಮಾನ್ರು?" ಎಂದು ಕೇಳಿದರು.

"ಸಾಕು ಮೇಡಂ," ಅಂದರು ಕಮಲಾದೇವಿ. ಇನ್ನೊಮ್ಮೆ, ಜೋರಾಗಿ ಹೇಳಿದರು. "ಒಪ್ಪಿಗೆ ನಾನು ಕೊಟ್ಟಿದ್ದು. ನಿಲ್ಲಿಸ್ಬಿಡಿ. ಕಾರಣ ಕೇಳಲ್ಲ ಅಂದಿದ್ರಿ."

ಡಾಕ್ಟರ್ ಲಿಖಿತಾಳ ಕಡೆ ನೋಡಿದರು. ಲಿಖಿತಾ ಅಪ್ಪನ ಅಂಗಿಯ ಬಿಚ್ಚಿದ ಗುಂಡಿಯನ್ನು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕರಿಬಸವಯ್ಯನವರಿಗೆ ಸಿಕ್ಕಿದ್ದು ಔಷಧಿಯೋ ಉಪ್ಪುನೀರೋ ಎಂಬುದು ಇಡೀ ಸ್ಟಡಿ ಮುಗಿಯುವವರೆಗೆ ತಿಳಿಯುವುದಿಲ್ಲ, ಅದಕ್ಕಿನ್ನೂ ಒಂದು ವರ್ಷ ಬೇಕು ಎಂದು ಡಾಕ್ಟರ್ ಹೇಳಿದರು.

ಕರಿಬಸವಯ್ಯ ಪೂರ್ತಿ ಮರೆತವರೂ ಆಗಲಿಲ್ಲ, ಪೂರ್ತಿ ನೆನಪಿದ್ದವರೂ ಆಗಲಿಲ್ಲ. ಕೆಲವು ಬೆಳಿಗ್ಗೆ ಕೈಮುಗಿದು "ನೀವು ಕೂತ್ಕೊಳ್ಳಿ" ಅನ್ನುವರು. ಕೆಲವು ಬೆಳಿಗ್ಗೆ ಗೋಡೆಯಾಗಿ ಏಳುವರು. ಯಾವ ದಿನ ಯಾರು ಏಳುತ್ತಾರೆಂದು ಹೇಳುವ ಹಾಗಿರಲಿಲ್ಲ. ಲಿಖಿತಾಳನ್ನು ಒಂದು ದಿನ ಹೆಸರು ಹಿಡಿದು ಕರೆದರೆ ಮರುದಿನ ನರ್ಸ್ ಎಂದುಕೊಳ್ಳುವರು. ಅವಳು ಈಗ ಅಮ್ಮನೊಂದಿಗೆ ಮುಂಚಿನಷ್ಟು ಹರಟುತ್ತಿರಲಿಲ್ಲ. ಆದರೆ ಒಂದು ಭಾನುವಾರ ತಿಂಡಿ ಮುಗಿದ ಮೇಲೆ, "ಇವತ್ತು ನಾನು ಇರ್ತೀನಿ ಅಪ್ಪಾಜಿ ಹತ್ರ. ನೀನು ಎಲ್ಲಾದ್ರೂ ಹೋಗಿ ಬಾ," ಅಂದಳು.

"ಎಲ್ಲಿಗೆ?"

"ಎಲ್ಲಿಗಾದ್ರೂ ಅಮ್ಮ. ನಿನಗೆ ಇಷ್ಟ ಬಂದ ಕಡೆ."

ಕಮಲಾದೇವಿ ಒಳ್ಳೆಯ ಸೀರೆ ಉಟ್ಟು ಹೊರಟರು. ಹನುಮಂತನಗರದ ಅಕ್ಕ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಬಸ್ ನಿಲ್ದಾಣದವರೆಗೆ ನಡೆದು, ಅಲ್ಲಿ ಸ್ವಲ್ಪ ನಿಂತು, ಜನ ಹತ್ತುತ್ತಿದ್ದಾರೆಂದು ತಾವೂ ಮೆಟ್ರೋ ಮೆಟ್ಟಿಲು ಹತ್ತಿದರು. ಯಾವ ನಿಲ್ದಾಣಕ್ಕೆ ಎಂದು ಟಿಕೆಟ್ ಕೊಡುವವನು ಕೇಳಿದಾಗ ಸಾಲಿನಲ್ಲಿ ತಮಗಿಂತ ಮುಂದಿದ್ದವರು ಹೇಳಿದ ಹೆಸರನ್ನೇ ಹೇಳಿದರು. ಮೇಲೆ ಬಂದು ಕಲ್ಲುಬೆಂಚಿನ ಮೇಲೆ ಕೂತರು. ಗಾಳಿ ಚೆನ್ನಾಗಿತ್ತು. ಕೆಳಗೆ ರಸ್ತೆ, ತೆಂಗಿನ ತಲೆಗಳು, ನೀರಿನ ಟ್ಯಾಂಕುಗಳು, ಒಣಗಲು ಹಾಕಿದ ಯಾರಾರದೋ ಬಟ್ಟೆಗಳು. ಒಂದು ಗಾಡಿ ಬಂತು, ಜನ ಹತ್ತಿದರು, ಹೋಯಿತು. ಎದುರು ಕಡೆಯಿಂದ ಇನ್ನೊಂದು ಬಂತು, ಅದೂ ಹೋಯಿತು.

ಕಾವಲಿನ ಹೆಂಗಸು ಎರಡು ಸಲ ಅತ್ತಿತ್ತ ಓಡಾಡಿ, ಕೊನೆಗೆ ಹತ್ತಿರ ಬಂದಳು. "ಯಾರಿಗಾದ್ರೂ ಕಾಯ್ತಿದೀರಾ ಆಂಟಿ?"

"ಇಲ್ಲಮ್ಮ."

"ಇಲ್ಲಿ ತುಂಬಾ ಹೊತ್ತು ಕೂರಂಗಿಲ್ಲ. ಬರೋ ಗಾಡಿ ಹತ್ಬಿಡಿ, ಇಲ್ಲಾ ಕೆಳಗಿಳೀರಿ."

"ಆಯ್ತು," ಎಂದು ಕಮಲಾದೇವಿ ಎದ್ದು, ಹಳದಿ ಗೆರೆಯ ಈಚೆ ನಿಂತರು. ಗಾಡಿ ಬಂದು ನಿಂತಿತು. ಅವರ ಎದುರಿಗೇ ಬಾಗಿಲು ಎರಡು ಕಡೆಗೂ ಸರಿದು ತೆರೆದುಕೊಂಡಿತು. ಒಳಗಿನ ತಂಪುಗಾಳಿ ಸೀರೆಯ ನೆರಿಗೆಗೆ ತಾಕಿತು. ಒಳಗೆ ಕಿಟಕಿಯ ಪಕ್ಕದ ಒಂದು ಸೀಟು ಖಾಲಿ ಇತ್ತು.